ಪಹಣಿಯ ಒಂಬತ್ತನೇ ಕಾಲಂ

"ಖಾತೆದಾರರನ್ನ ಕರ್ಕೊಂಡು ಬನ್ನಿ ಅಮ್ಮ."

2017ರ ಜುಲೈ ತಿಂಗಳು. ರಿಯಾಯಿತಿ ದರದ ರಾಗಿ ಬೀಜಕ್ಕೆ ರೈತ ಸಂಪರ್ಕ ಕೇಂದ್ರದಲ್ಲಿ ಬೆಳಿಗ್ಗೆಯಿಂದ ಸಾಲಿನಲ್ಲಿ ನಿಂತಿದ್ದೆ. ಕಿಟಕಿ ಹತ್ತಿರ ಬಂದಾಗ ಹೊಲದ ದಾಖಲೆ, ಅಂದರೆ ಪಹಣಿಯ ಜೆರಾಕ್ಸ್ ಕೊಟ್ಟೆ. ಅದರಲ್ಲಿ ಇದ್ದದ್ದು ನನ್ನ ಮಾವನ ಹೆಸರು.

"ಅವರು ತೀರಿಕೊಂಡು ಆರು ವರ್ಷ ಆಯ್ತು ಸಾರ್" ಎಂದೆ.

"ಹಾಗಾದ್ರೆ ಯಜಮಾನ್ರು ಬರಲಿ."

"ಅವರು ಹೋಗಿ ಹತ್ತು ತಿಂಗಳು."

ಕಿಟಕಿಯ ಆ ಕಡೆ ಇದ್ದವರು ಕಾಗದ ವಾಪಸ್ ಕೊಟ್ಟರು. "ಮನೇಲಿ ಗಂಡಸರು ಯಾರಾದ್ರೂ ಇದ್ರೆ ಕಳಿಸಿ" ಎಂದರು. ಗದರಿಸಿ ಹೇಳಲಿಲ್ಲ, ಕನಿಕರದಿಂದಲೇ ಹೇಳಿದರು. ನನಗೆ ಆ ಕನಿಕರವೇ ಜಾಸ್ತಿ ಚುಚ್ಚಿತು. ಆ ಹೊಲದಲ್ಲಿ ನಾನು ಹದಿನೈದು ವರ್ಷ ಬಗ್ಗಿ ಕಳೆ ಕಿತ್ತಿದ್ದೆ. ಗೊಬ್ಬರ ಹೊತ್ತಿದ್ದೆ. ಕುಡುಗೋಲು ಹಿಡಿದು ರಾಗಿ ಕೊಯ್ದಿದ್ದೆ. ಮುಂದಿನ ವರ್ಷಕ್ಕೆ ಯಾವ ತೆನೆ ಬೀಜಕ್ಕೆ ಅಂತ ಆರಿಸಿ, ಬೂದಿ ಬೆರೆಸಿ, ಬೇವಿನ ಸೊಪ್ಪು ಹಾಕಿ ಗುಡಾಣದಲ್ಲಿ ಇಡುತ್ತಿದ್ದವಳು ನಾನು. ಅವತ್ತು ಎರಡು ಸಾವು ಹೇಳಿಯೂ ನನಗೆ ಒಂದು ಚೀಲ ಬೀಜ ಸಿಗಲಿಲ್ಲ.

ನಮ್ಮದು ತುಮಕೂರು ಜಿಲ್ಲೆಯ ಒಂದು ಸಣ್ಣ ಊರು. ಮಳೆ ನಂಬಿದ ಹೊಲ. ರಾಗಿ, ಅದರ ನಡುವೆ ಅಕ್ಕಡಿ ಸಾಲಿನಲ್ಲಿ ಅವರೆ, ಜೋಳ, ಹುಚ್ಚೆಳ್ಳು, ಹರಳು. ಬದುವಿನ ಮೇಲೆ ಎರಡು ಹುಣಸೆ ಮರ. ಒಟ್ಟು 4 ಎಕರೆ 20 ಗುಂಟೆ. ಮಾವ ಕೂಲಿ ಮಾಡಿ, ಕುರಿ ಸಾಕಿ, ಸ್ವಂತ ದುಡಿಮೆಯಲ್ಲಿ ಕೊಂಡದ್ದು. ಅವರಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಹೆಣ್ಣುಮಗಳು. ದೊಡ್ಡವರು ನನ್ನ ಯಜಮಾನರು. ಅವರಿಗೆ 2016ರ ಸೆಪ್ಟೆಂಬರ್‌ನಲ್ಲಿ ಎದೆನೋವು ಬಂತು, ಆಸ್ಪತ್ರೆ ಮುಟ್ಟುವ ಮುಂಚೆಯೇ ಹೋಗಿಬಿಟ್ಟರು. ಆಗ ಮಗಳಿಗೆ ಹನ್ನೆರಡು, ಮಗನಿಗೆ ಎಂಟು.

ತಿಥಿ ಮುಗಿದ ಮೇಲೆ ಮೈದುನ ಒಂದು ಮಾತು ಹೇಳಿದ್ದರು. "ಅತ್ತಿಗೆ, ನೀವು ಚಿಂತೆ ಮಾಡ್ಬೇಡಿ. ಹೊಲ ನಾನು ನೋಡ್ಕೋತೀನಿ. ಕಾಳು ಕಡ್ಡಿ ಮನೆಗೆ ಹಾಕಿಸ್ತೀನಿ. ಹುಡುಗ ದೊಡ್ಡವನಾದ್ಮೇಲೆ ಅವನ ಹೆಸರಿಗೆ ಮಾಡೋಣ." ಊರಿನವರೆಲ್ಲ ಎಂಥಾ ಒಳ್ಳೆ ಮೈದುನ ಎಂದರು. ನನಗೂ ಹಾಗೇ ಅನ್ನಿಸಿತ್ತು. ಅವರು ಕೆಟ್ಟವರು ಅಂತ ಈಗಲೂ ಹೇಳಲ್ಲ. ಆದರೆ ಆ ಮಾತಿನಲ್ಲಿ ನಾನೂ ಇರಲಿಲ್ಲ, ನನ್ನ ಮಗಳೂ ಇರಲಿಲ್ಲ. ಅದು ಗೊತ್ತಾಗಿದ್ದು ಬೀಜದ ಕಿಟಕಿ ಮುಂದೆ.

ಅದೇ ವಾರ ಪೌತಿ ಖಾತೆಗೆ ಅರ್ಜಿ ಹಾಕುತ್ತೇನೆ ಅಂತ ತೀರ್ಮಾನ ಮಾಡಿದೆ. ಸತ್ತವರ ಹೆಸರಿನಲ್ಲಿರುವ ಜಮೀನನ್ನು ವಾರಸುದಾರರ ಹೆಸರಿಗೆ ಬದಲಾಯಿಸುವುದಕ್ಕೆ ಪೌತಿ ಖಾತೆ ಅನ್ನುತ್ತಾರೆ. ಕೇಳಲು ಸುಲಭ. ಮರಣ ಪತ್ರ, ವಂಶವೃಕ್ಷ, ಪಹಣಿ, ಆಧಾರ್ ಕೊಟ್ಟು ನಾಡಕಚೇರಿಯಲ್ಲಿ ಅರ್ಜಿ ಕೊಟ್ಟರೆ ಆಯಿತು. ನನಗೆ ಮುಗಿಸುವುದಕ್ಕೆ ಎರಡು ವರ್ಷ ಹಿಡಿಯಿತು.

ಮೊದಲ ತೊಡಕು ಮಾವನ ಮರಣ ಪತ್ರ. ಅವರು 2011ರಲ್ಲಿ ತೀರಿಕೊಂಡಾಗ ಯಾರೂ ನೋಂದಣಿಯನ್ನೇ ಮಾಡಿಸಿರಲಿಲ್ಲ. ಸಾವು ಆಗಿ ಒಂದು ವರ್ಷ ದಾಟಿದ್ದರೆ ಆಗ ಮ್ಯಾಜಿಸ್ಟ್ರೇಟ್ ಕೋರ್ಟಿನ ಆದೇಶ ಬೇಕಿತ್ತು. ನಾನು ಪಿಯುಸಿ ತನಕ ಓದಿದವಳು. ಆದರೂ ಕೋರ್ಟು ಮೆಟ್ಟಿಲು ಹತ್ತುವಾಗ ಕಾಲು ನಡುಗಿತು. ಗಂಡ ಸತ್ತ ವರ್ಷ ತುಂಬಿಲ್ಲ, ಆಗಲೇ ಪೇಟೆ ಸುತ್ತುತ್ತಾಳೆ ಅಂತ ಬಸ್ಸಿನಲ್ಲೇ ಒಬ್ಬರು ಹೇಳಿದ್ದು ಕಿವಿಗೆ ಬಿತ್ತು. ಮನೆಗೆ ಬಂದು ಅತ್ತೆ ಹತ್ತಿರ ಹೇಳಿ ಕಣ್ಣೀರು ಹಾಕಿದೆ. ಅವರು ಸುಮ್ನೆ ಕೇಳಿಸಿಕೊಂಡರು. ಮುಂದಿನ ವಾಯಿದೆಗೆ ತಾವೇ ಸೀರೆ ಬದಲಾಯಿಸಿ ಬಾಗಿಲಲ್ಲಿ ನಿಂತಿದ್ದರು. "ನಾನೂ ಬರ್ತೀನಿ ನಡಿ. ಇನ್ನೇನಂತಾರೆ ನೋಡೋಣ." ಆಮೇಲೆ ಒಂದು ದಿನವೂ ನನ್ನನ್ನು ಒಬ್ಬಳನ್ನೇ ಕಳಿಸಲಿಲ್ಲ.

ಎರಡನೇ ತೊಡಕು ವಂಶವೃಕ್ಷ. ಅರ್ಜಿ ಬರೆದುಕೊಡುವವರೊಬ್ಬರು ನಮ್ಮ ಮನೆಯವರ ಹೆಸರು ಕೇಳಿ ಕೇಳಿ ಬರೆದರು. ಮಾವ, ಅತ್ತೆ, ಇಬ್ಬರು ಗಂಡುಮಕ್ಕಳು, ದೊಡ್ಡವನ ಹೆಂಡತಿ ಮಕ್ಕಳು. ಅಲ್ಲಿಗೆ ಗೆರೆ ಎಳೆದರು.

"ನಾದಿನಿ ಇದ್ದಾಳೆ" ಎಂದೆ.

"ಮದುವೆ ಆಗಿದೆ ಅಲ್ವಾ? ಹೆಣ್ಣುಮಕ್ಕಳನ್ನ ಸೇರಿಸಿದ್ರೆ ಸುಮ್ನೆ ತಲೆನೋವು. ಇಲ್ಲಿ ಎಲ್ಲರೂ ಬಿಡ್ತಾರೆ."

ಆ ಗೆರೆ ನೋಡುತ್ತಾ ನನಗೆ ನನ್ನ ತವರು ನೆನಪಾಯಿತು. ಇದನ್ನು ಬರೆಯಲೇಬೇಕು. 2008ರಲ್ಲಿ ನನ್ನ ಅಪ್ಪ ತೀರಿಕೊಂಡರು. ಮರುವರ್ಷ ಅಣ್ಣ ನನ್ನನ್ನೂ ಅಕ್ಕನನ್ನೂ ಕರೆಸಿಕೊಂಡ. ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಮಾಡಿದೆವು. ಹೆಬ್ಬೆಟ್ಟಿನ ಶಾಯಿ ಒರೆಸಿಕೊಂಡು ಹೋಟೆಲ್‌ನಲ್ಲಿ ಊಟ ಮಾಡಿದೆವು. ತಲೆಗೊಂದು ಸೀರೆ, 5,000 ರೂಪಾಯಿ. "ಅರಿಶಿನ ಕುಂಕುಮಕ್ಕೆ" ಅಂತ ಅತ್ತಿಗೆ ಕೈಗಿಟ್ಟರು. ಬರೆದ ಕಾಗದದಲ್ಲಿ ಏನಿದೆ ಅಂತ ನಾನು ಓದಲೂ ಇಲ್ಲ. ಓದಲು ಬರುತ್ತಿತ್ತು, ಓದಲಿಲ್ಲ. ಓದಿದರೆ ಅಣ್ಣನ ಮೇಲೆ ಅನುಮಾನ ಪಟ್ಟ ಹಾಗೆ ಆಗುತ್ತದೆ ಅನ್ನಿಸಿತು. ಪಾಲು ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ ಅಂತ ಚಿಕ್ಕವಳಿದ್ದಾಗಿಂದ ಕೇಳಿ ಬೆಳೆದವಳು ನಾನು. ಬಾಣಂತನಕ್ಕೆ ಬರಬೇಕು, ಹಬ್ಬಕ್ಕೆ ಬರಬೇಕು, ಗಂಡನ ಮನೆಯಲ್ಲಿ ಹೆಚ್ಚು ಕಡಿಮೆ ಆದರೆ ಬಂದು ನಿಲ್ಲುವುದಕ್ಕೆ ಒಂದು ಮನೆ ಬೇಕು. ಅದಕ್ಕೆಲ್ಲ ಮುಂಗಡವಾಗಿ ಹೊಲ ಬಿಟ್ಟುಕೊಟ್ಟೆವು.

ಮರಣ ಪತ್ರದ ಕೆಲಸಕ್ಕೆ ಸಿಕ್ಕ ವಕೀಲರು ಒಂದು ದಿನ ಕೂರಿಸಿಕೊಂಡು ವಿವರವಾಗಿ ಹೇಳಿದರು. ಮಾವ ಸ್ವಂತ ದುಡಿದು ಕೊಂಡ ಜಮೀನು, ಮರಣಶಾಸನ ಬರೆದಿಲ್ಲ, ಹಾಗಾಗಿ 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರವೇ ಹೆಂಡತಿಗೂ, ಗಂಡುಮಕ್ಕಳಿಗೂ, ಹೆಣ್ಣುಮಗಳಿಗೂ ಸಮ ಪಾಲು. ಪಿತ್ರಾರ್ಜಿತ ಆಸ್ತಿಯಲ್ಲೂ ಕರ್ನಾಟಕ 1994ರಲ್ಲೇ ಮದುವೆಯಾಗದ ಹೆಣ್ಣುಮಕ್ಕಳಿಗೆ ಹಕ್ಕು ಕೊಟ್ಟಿತ್ತು. 2005ರ ಸೆಪ್ಟೆಂಬರ್ 9ರಿಂದ ಮದುವೆಯಾದವರಿಗೂ ಸೇರಿ ಇಡೀ ದೇಶಕ್ಕೆ ಆ ಹಕ್ಕು ಬಂತು. ಅಂದರೆ 2009ರಲ್ಲಿ ನಾನು ಸಹಿ ಮಾಡಿದಾಗ ಕಾನೂನು ನನ್ನ ಕಡೆಗೇ ಇತ್ತು. ನನಗೇ ಗೊತ್ತಿರಲಿಲ್ಲ. ಬರುವಾಗ ಬಸ್ಸಿನಲ್ಲಿ ಅತ್ತೆಯ ಪಕ್ಕ ಕೂತು ಕಿಟಕಿ ಕಡೆ ಮುಖ ಮಾಡಿಕೊಂಡು ಕಣ್ಣೀರು ಹಾಕಿದೆ.

ಆದರೆ ಈಗ ನಾನು ಇನ್ನೊಂದು ಕಡೆ ನಿಂತಿದ್ದೆ. ನಾದಿನಿ ಹೆಸರು ಬಿಟ್ಟರೆ ನನ್ನ ಮಕ್ಕಳಿಗೆ ಪಾಲು ಜಾಸ್ತಿ. ಎರಡು ರಾತ್ರಿ ನಿದ್ದೆ ಬರಲಿಲ್ಲ. ಮಗಳು ಪಕ್ಕದಲ್ಲಿ ಮಲಗಿದ್ದಳು. ನಾಳೆ ಅವಳ ಹೆಸರಿನ ಮುಂಚೆಯೂ ಯಾರೋ ಹೀಗೆ ಗೆರೆ ಎಳೆಯುತ್ತಾರೆ ಅನ್ನಿಸಿತು. ಬೆಳಿಗ್ಗೆ ಎದ್ದು ನಾದಿನಿಗೆ ಫೋನ್ ಮಾಡಿದೆ.

"ನಿನ್ನ ಹೆಸರು ಸೇರಿಸ್ತಾ ಇದ್ದೀನಿ. ನಾಳೆ ಯಾರಾದ್ರೂ ಸಹಿ ಕೇಳಿದ್ರೆ ಓದದೆ ಹಾಕ್ಬೇಡ."

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಬರಲಿಲ್ಲ. ಆಮೇಲೆ, "ಅಣ್ಣ ಸುಮ್ನಿರ್ತಾನಾ ಅತ್ತಿಗೆ?" ಎಂದಳು.

ಅಣ್ಣ ಸುಮ್ಮನಿರಲಿಲ್ಲ. ಗ್ರಾಮ ಲೆಕ್ಕಿಗರು ಮಹಜರು ಮಾಡಿ ನೋಟಿಸ್ ಹಚ್ಚಿದರು. ತಕರಾರು ಸಲ್ಲಿಸಲು 30 ದಿನ. ಇಪ್ಪತ್ತೇಳನೇ ದಿನ ಮೈದುನ ತಕರಾರು ಅರ್ಜಿ ಕೊಟ್ಟರು. ಕಡತ ತಹಶೀಲ್ದಾರರ ಮುಂದೆ ಹೋಯಿತು, ವಾಯಿದೆ ಮೇಲೆ ವಾಯಿದೆ. ಆ ತಿಂಗಳುಗಳಲ್ಲಿ ಒಂದೇ ಅಂಗಳದ ಎರಡು ಬಾಗಿಲುಗಳ ನಡುವೆ ಮಾತಿರಲಿಲ್ಲ. ವಾರಗಿತ್ತಿ ಮಾತ್ರ ಸಂಜೆ ಕತ್ತಲಾದ ಮೇಲೆ ಹಿತ್ತಿಲಿನಿಂದ ಬಂದು ನನ್ನ ಮಗನಿಗೆ ಹಾಲು ಕೊಟ್ಟು ಹೋಗುತ್ತಿದ್ದಳು.

ಕೊನೆಗೆ ಊರಿನ ಹಿರಿಯರು ಅರಳಿಕಟ್ಟೆಗೆ ಕರೆದರು. ನಮ್ಮೂರಿನಲ್ಲಿ ಹೆಂಗಸರು ಕಟ್ಟೆ ಹತ್ತಲ್ಲ. ಗಂಡಸರು ಮೇಲೆ ಕೂತರು, ನಾನು, ಅತ್ತೆ, ನಾದಿನಿ ಕೆಳಗೆ ನಿಂತೆವು. ನನ್ನ ಹೊಲದ ಬಗ್ಗೆ ಒಂದು ಗಂಟೆ ಮಾತಾಡಿದರು, ನನ್ನನ್ನು ಒಂದು ಪ್ರಶ್ನೆಯೂ ಕೇಳಲಿಲ್ಲ. ಒಬ್ಬರು, "ಹೆಂಗಸಿನ ಹೆಸರಿಗೆ ಜಮೀನು ಮಾಡಿದ್ರೆ ನಾಳೆ ತವರಿನೋರು ಬಂದು ಮಾರಿಸ್ತಾರೆ" ಎಂದರು. ಇನ್ನೊಬ್ಬರು, "ಬೇಸಾಯ ಯಾರು ಮಾಡ್ತಾರೆ? ನೇಗಿಲು ಹಿಡಿಯೋರು ಯಾರಿದ್ದಾರೆ ಆ ಮನೇಲಿ?" ಎಂದರು.

ಆಗ ಅತ್ತೆ ಬಾಯಿ ತೆಗೆದರು. ಅವರು ಅಲ್ಲಿಯ ತನಕ ಆ ಕಟ್ಟೆ ಮುಂದೆ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. "ನನ್ನ ಪಾಲೂ ಇದೆಯಂತಲ್ಲ ಕಾನೂನಲ್ಲಿ. ಅದು ಸೊಸೆಗೆ. ನಾನು ಇರೋದೂ ಅವಳ ಜೊತೆಗೇ. ಇನ್ನು ನೇಗಿಲು ಅಂದ್ರಲ್ಲ. ಇವರಪ್ಪನಿಗೆ ವಿಷಮಶೀತ ಜ್ವರ ಬಂದಿದ್ದ ವರ್ಷ ಆ ಹೊಲ ಉತ್ತಿದ್ದು ಯಾರು ಅಂದ್ಕೊಂಡಿದ್ದೀರಿ? ಬೆಳದಿಂಗಳಲ್ಲಿ ಮೂರು ರಾತ್ರಿ ನಾನೇ ಉತ್ತೆ. ಬೆಳಗಾಗೋ ಮುಂಚೆ ಎತ್ತು ಕಟ್ಟಿ ಬಂದು ಮಲಗ್ತಿದ್ದೆ. ಆಳು ಬಂದಿದ್ರು ಅಂತ ಹೇಳಿದ್ವಿ."

ನನಗೂ ಗೊತ್ತಿರಲಿಲ್ಲ. ಅವರ ಮಗನಿಗೂ ಗೊತ್ತಿರಲಿಲ್ಲ. ರಾತ್ರಿ ಊಟ ಮಾಡುವಾಗ ಕೇಳಿದೆ. ಅವರು ಎಡಗೈ ಮುಂದೆ ಚಾಚಿ, ಮೇಳಿ ಹಿಡಿದ ಹಾಗೆ ಮುಷ್ಟಿ ಮಾಡಿ ತೋರಿಸಿದರು. "ಒತ್ತಬಾರದು, ಅದರ ಮೇಲೆ ಕೈ ಭಾರ ಬಿಡಬೇಕು ಅಷ್ಟೇ. ಗುಳ ತಾನೇ ಇಳಿಯುತ್ತೆ. ಒತ್ತಿದ್ರೆ ಎತ್ತಿಗೆ ನೋವು." ಮೂವತ್ತು ವರ್ಷ ಯಾರಿಗೂ ಹೇಳದೆ ಕೈಯಲ್ಲಿ ಇಟ್ಟುಕೊಂಡಿದ್ದ ವಿದ್ಯೆ ಅದು. ಹೆಂಗಸು ನೇಗಿಲು ಮುಟ್ಟಿದರೆ ಮಳೆ ಹೋಗುತ್ತದೆ ಅನ್ನುವ ಮಾತನ್ನು ನಂಬಿದ್ದರಾ ಅಂತ ಕೇಳಿದೆ. "ನಂಬಿದ್ದೆ. ಅದಕ್ಕೇ ಆ ವರ್ಷ ಮಳೆ ಬರೋ ತನಕ ಸರಿಯಾಗಿ ಊಟ ಸೇರಲಿಲ್ಲ" ಎಂದರು.

ಪಂಚಾಯಿತಿಯಲ್ಲಿ ಒಪ್ಪಂದ ಆಯಿತು. ಕಾನೂನಿನ ಲೆಕ್ಕದಲ್ಲಿ ನಾದಿನಿಗೆ 1 ಎಕರೆ 5 ಗುಂಟೆ ಬರಬೇಕಿತ್ತು. ಅವಳು ಹುಣಸೆ ಮರಗಳಿರುವ ಬದುವಿನ ಪಕ್ಕ 20 ಗುಂಟೆ ಸಾಕು ಎಂದಳು. ಅಷ್ಟೇ ಯಾಕೆ ಅಂತ ನಾನು ಕೇಳಿದೆ. "ಅಷ್ಟಾದ್ರೆ ಅಣ್ಣ ಮಾತಾಡಿಸ್ತಾನೆ" ಎಂದಳು. ನನಗೆ ಆ ಉತ್ತರ ಈಗಲೂ ಸರಿ ಅನ್ನಿಸಿಲ್ಲ, ಆದರೆ ತೀರ್ಮಾನ ಅವಳದು. ಉಳಿದ 4 ಎಕರೆಯಲ್ಲಿ ಮೈದುನನಿಗೆ 2, ನಮಗೆ 2. ತಕರಾರು ವಾಪಸ್ ಆಯಿತು. 2018ರ ಕೊನೆಗೆ ಪೌತಿ ಖಾತೆ ಎಲ್ಲರ ಹೆಸರಿಗೆ ಜಂಟಿಯಾಗಿ ಬಂತು. ಅದನ್ನು ಬೇರೆ ಬೇರೆ ಮಾಡಲು ಸರ್ವೆಯವರಿಂದ ಹೊಲದ ಭಾಗಗಳನ್ನು ಅಳೆದು ತೋರಿಸುವ 11ಇ ನಕ್ಷೆ, ಆಮೇಲೆ ವಿಭಾಗ ಪತ್ರದ ನೋಂದಣಿ. ನಕ್ಷೆಗೇ ನಾಲ್ಕು ತಿಂಗಳು.

ವಿಭಾಗ ಪತ್ರದ ಕರಡು ಬಂದಾಗ ಈ ಸಲ ಕೂತು ಓದಿದೆ. ಪ್ರತಿ ಸಾಲೂ ಓದಿದೆ. ನಮ್ಮ ಪಾಲಿನ ಎದುರು ನನ್ನ ಮಗನ ಹೆಸರಿತ್ತು. ಅದರ ಕೆಳಗೆ "ಮೈನರ್ ಗಾರ್ಡಿಯನ್ ತಾಯಿ" ಅಂತ ನಾನು. ಮಗಳ ಹೆಸರು ಎಲ್ಲೂ ಇಲ್ಲ. ಯಾರು ಹೀಗೆ ಬರೆಯಲು ಹೇಳಿದರು ಅಂತ ಕೇಳಿದರೆ ಯಾರೂ ಹೇಳಿರಲಿಲ್ಲ. ಬರೆಯುವವರಿಗೆ ಅದೇ ರೂಢಿ. ಎರಡು ವರ್ಷ ನಾನು ಅಲೆದದ್ದು ಒಂದು ರೂಢಿಯಲ್ಲಿ ಅಳಿಸಿಹೋಗುತ್ತಿತ್ತು. ತಿದ್ದಿಸಿದೆ. ನನ್ನ ಹೆಸರು, ಮಗಳ ಹೆಸರು, ಮಗನ ಹೆಸರು.

2019ರ ಜೂನ್ ಕೊನೆಗೆ ಹೊಸ ಪಹಣಿ ತೆಗೆಸಿದೆ. ಒಂಬತ್ತನೇ ಕಾಲಂನಲ್ಲಿ ಸ್ವಾಧೀನದಾರರ ಹೆಸರು ಇರುತ್ತದೆ. ನನ್ನ ಹೆಸರು, ಆಮೇಲೆ "ಕೋಂ", ಅಂದರೆ ಇಂಥವರ ಹೆಂಡತಿ ಅಂತ, ಆಮೇಲೆ ಯಜಮಾನರ ಹೆಸರು. ಮುದ್ರಣ ಸ್ವಲ್ಪ ಮಸುಕಾಗಿತ್ತು. ಅತ್ತೆಗೆ ಓದಲು ಬರಲ್ಲ. ಎಲ್ಲಿದೆ ತೋರಿಸು ಎಂದರು. ಬೆರಳಿಟ್ಟು ತೋರಿಸಿದೆ. ಆ ಜಾಗವನ್ನು ಹೆಬ್ಬೆರಳಿನಿಂದ ಸವರಿ, ಕಾಗದ ಮಡಿಸಿ ದೇವರ ಮನೆಯಲ್ಲಿಟ್ಟರು.

ಹೆಸರು ಬಂದರೆ ಬೇಸಾಯ ಆಯಿತು ಅಂದುಕೊಂಡಿದ್ದೆ. ತಪ್ಪು ನನ್ನದೇ.

ಆ ವರ್ಷ ಪುಷ್ಯ ಮಳೆ ಹದವಾಗಿ ಬಂತು. ಹದ ಅಂದರೆ ಬೇಸಾಯ ಮಾಡುವವರಿಗೆ ಗೊತ್ತು. ಮಣ್ಣು ಹಿಡಿ ಮಾಡಿದರೆ ಉಂಡೆ ಆಗಬೇಕು, ಬಿಟ್ಟರೆ ಒಡೆಯಬೇಕು. ನಮ್ಮ ಕೆಂಪು ಮಣ್ಣಿನಲ್ಲಿ ಅದು ಎರಡು ಮೂರು ದಿನ ನಿಂತರೆ ಹೆಚ್ಚು. ಮನೆಯಲ್ಲಿ ಎತ್ತು ಇರಲಿಲ್ಲ, ಟ್ರ್ಯಾಕ್ಟರ್ ಬಾಡಿಗೆಗೆ ಬರಬೇಕು. ಮಳೆ ನಿಂತ ಬೆಳಿಗ್ಗೆಯೇ ಟ್ರ್ಯಾಕ್ಟರಿನವರಿಗೆ ಹೇಳಿದೆ. "ಬರ್ತೀನಿ ಅಕ್ಕ" ಎಂದರು. ಬಂದಿದ್ದು ಆರನೇ ದಿನ. ಅಷ್ಟರಲ್ಲಿ ಗಂಡಸರಿರುವ ಮನೆಗಳ ಹೊಲ ಎಲ್ಲಾ ಮುಗಿದಿತ್ತು. ಅವರು ಸಂಜೆ ಟೀ ಅಂಗಡಿಯಲ್ಲಿ ಡ್ರೈವರ್ ಪಕ್ಕ ಕೂತು ಸರದಿ ಗಟ್ಟಿ ಮಾಡಿಕೊಳ್ಳುತ್ತಾರೆ, ಬೈಕಿನಲ್ಲಿ ಹಿಂದೆ ಕೂತು ಕರೆತರುತ್ತಾರೆ. ನಾನು ಟೀ ಅಂಗಡಿಗೆ ಹೋಗುವ ಹಾಗಿಲ್ಲ. ಫೋನ್ ಮಾಡಬಹುದು, ಅಷ್ಟೇ. ಸರಿಹೊತ್ತಿನಲ್ಲಿ ಎರಡು ಸಲ ಫೋನ್ ಮಾಡಿದರೆ ಅದಕ್ಕೂ ಒಂದು ಕಥೆ ಕಟ್ಟುತ್ತಾರೆ. ಹೆಂಗಸಿಗೆ ಬೇಸಾಯ ಬರಲ್ಲ ಅನ್ನುವವರು ಈ ಆರು ದಿನದ ಲೆಕ್ಕ ಹಾಕುವುದಿಲ್ಲ. ಮೊಳಕೆ ಅಲ್ಲೊಂದು ಇಲ್ಲೊಂದು ಬಂತು. ಎರಡು ಎಕರೆಗೆ ಆರು ಕ್ವಿಂಟಾಲ್ ರಾಗಿ. "ನೋಡಿದ್ಯಾ, ನಾನು ಹೇಳಲಿಲ್ವಾ" ಎಂದರು ಕಟ್ಟೆ ಮೇಲಿದ್ದವರು.

ಆ ಚಳಿಗಾಲದಲ್ಲಿ ಸ್ತ್ರೀಶಕ್ತಿ ಸಂಘದ ಸಭೆಯಲ್ಲಿ ಈ ಹದದ ವಿಷಯ ಎತ್ತಿದೆ. ನಾನೊಬ್ಬಳೇ ಅಂದುಕೊಂಡಿದ್ದೆ. ಇನ್ನಿಬ್ಬರು ಬಾಯಿ ಬಿಟ್ಟರು. ಒಬ್ಬಳ ಗಂಡ ಬೆಂಗಳೂರಿನಲ್ಲಿ ಸೆಕ್ಯೂರಿಟಿ ಕೆಲಸದಲ್ಲಿದ್ದಾನೆ, ಹೊಲ ನೋಡುವುದು ಇವಳೇ. ಇನ್ನೊಬ್ಬಳ ಗಂಡ ಮನೆಯಲ್ಲೇ ಇದ್ದಾನೆ, ಆದರೆ ಕುಡಿತ. ಮೂವರೂ ಸೇರಿ ಸಂಘದಿಂದ ಸಾಲ ಮಾಡಿ, 70,000 ರೂಪಾಯಿಗೆ ಹಳೆಯ ಪವರ್ ಟಿಲ್ಲರ್ ಕೊಂಡೆವು. ಓಡಿಸುವವರು ಯಾರು? ಇಬ್ಬರೂ ನನ್ನ ಮುಖ ನೋಡಿದರು.

ಟಿಲ್ಲರ್ ಗಂಡಸರ ಅಳತೆಗೆ ಮಾಡಿದ ಯಂತ್ರ. ಹಿಡಿ ನನ್ನ ಎದೆಮಟ್ಟ ಬರುತ್ತದೆ. ನೇರ ಹೋಗುವಾಗ ಏನೂ ಕಷ್ಟ ಇಲ್ಲ. ಬದು ಹತ್ತಿರ ತಿರುಗಿಸುವಾಗಲೇ ಇರುವುದು ಕಷ್ಟ. ಹಿಡಿಯ ಕೆಳಗೆ ಎರಡು ಕಡೆ ಎರಡು ಕ್ಲಚ್. ಎಡಕ್ಕೆ ತಿರುಗಬೇಕಾದರೆ ಎಡಗೈಯ ಕ್ಲಚ್ ಒತ್ತಿ, ವೇಗ ತಗ್ಗಿಸಿ, ಮೈ ಭಾರವನ್ನೆಲ್ಲ ಹಿಡಿಯ ಮೇಲೆ ಹಾಕಿ ಅದರ ಜೊತೆ ಅರ್ಧ ಸುತ್ತು ನಡೆಯಬೇಕು. ಮೊದಲ ವಾರ ತೋಳು ಎತ್ತಲು ಆಗುತ್ತಿರಲಿಲ್ಲ. ಸೀರೆ ಸೆರಗು ಬೆಲ್ಟಿಗೆ ಸಿಕ್ಕಿಕೊಳ್ಳುತ್ತದೆ ಅಂತ ಯಜಮಾನರ ಹಳೆಯ ಅಂಗಿ ಮೇಲೆ ಹಾಕಿಕೊಂಡು ಗುಂಡಿ ಬಿಗಿದುಕೊಂಡೆ. ಅತ್ತೆ ಬದುವಿನ ಮೇಲೆ ಕೂತು ನೋಡುತ್ತಿದ್ದರು. "ಒತ್ತಬೇಡ, ಕೈ ಭಾರ ಬಿಡು" ಎಂದು ಕೂಗಿದರು. ಎತ್ತಿಗೆ ಹೇಳಿದ ಮಾತು ಯಂತ್ರಕ್ಕೂ ಸರಿ ಹೋಯಿತು.

2020ರ ಯುಗಾದಿಗೆ ಹೊನ್ನಾರು ಕಟ್ಟುವ ದಿನ ನಾನು ಹೊರಗೆ ಬರಲಿಲ್ಲ. ಹೊನ್ನಾರು ಅಂದರೆ ವರ್ಷದ ಮೊದಲ ಉಳುಮೆ. ಎತ್ತಿನ ಕೊಂಬಿಗೆ ಹೂ ಸುತ್ತಿ, ನೇಗಿಲಿಗೆ ಪೂಜೆ ಮಾಡಿ ಹೊರಡುತ್ತಾರೆ. ಗಂಡ ಇಲ್ಲದವಳು ಎದುರಿಗೆ ಬರಬಾರದು. ಆರತಿ ಎತ್ತುವವರು ಮುತ್ತೈದೆಯರು. ನಾನು ಅದನ್ನು ಮುರಿಯಲು ಹೋಗಲಿಲ್ಲ. ಬಾಗಿಲ ಸಂದಿಯಿಂದ ಎತ್ತಿನ ಗೆಜ್ಜೆ ಸದ್ದು ಕೇಳಿಸಿಕೊಂಡೆ, ಅಷ್ಟೇ. ಮುಂದೆ ಮಳೆ ಬಿದ್ದ ದಿನ ಬೆಳಿಗ್ಗೆ ಐದೂವರೆಗೆ ಟಿಲ್ಲರ್ ಹೊರಗೆ ತೆಗೆದೆ. ಸದ್ದಿಗೆ ಜನ ಎದ್ದು ಬಂದರು. ರಸ್ತೆಯಲ್ಲಿ ಹತ್ತು ಹದಿನೈದು ಜನ ನಿಂತು ನೋಡಿದರು. ಯಾರೋ ವಯಸ್ಸಾದವರು "ಇನ್ನು ಮಳೆ ಬಂದ ಹಾಗೆ" ಎಂದದ್ದು ಇಂಜಿನ್ ಸದ್ದಿನಲ್ಲೂ ಕೇಳಿತು. ಆ ವರ್ಷ ಮಳೆ ಚೆನ್ನಾಗಿಯೇ ಆಯಿತು. ಆಗದೆ ಹೋಗಿದ್ದರೆ ಊರು ನನ್ನನ್ನು ಏನು ಮಾಡುತ್ತಿತ್ತೋ ಅಂತ ಈಗಲೂ ಯೋಚನೆ ಬರುತ್ತದೆ. ಒಂದು ಊರಿನ ಬರಗಾಲವನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟುವುದು ಎಷ್ಟು ಸುಲಭ.

ಮೂವರ ಹೊಲವನ್ನೂ ಎರಡೂವರೆ ದಿನದಲ್ಲಿ ಉತ್ತು ಮುಗಿಸಿದೆ. ಹದ ಹೋಗಲಿಲ್ಲ. ಬಿತ್ತಿದ ಐದನೇ ದಿನ ಸಾಲು ಸಾಲಾಗಿ ಹಸಿರು ಕಂಡಿತು.

ಕಳೆ ತೆಗೆಸುವಾಗ ಕೂಲಿಯ ಪ್ರಶ್ನೆ ಬಂತು. ನಮ್ಮ ಕಡೆ ಆಗ ಹೆಣ್ಣಾಳಿಗೆ 250, ಗಂಡಾಳಿಗೆ 500. ಬಗ್ಗಿ ಕಳೆ ಕೀಳುವುದು ಹೆಣ್ಣಾಳೇ. ನಾನು 350 ಕೊಟ್ಟೆ. ರೇಟು ಕೆಡಿಸುತ್ತಾಳೆ ಅಂತ ಅಕ್ಕಪಕ್ಕದ ಹೊಲದವರು ಜಗಳಕ್ಕೆ ಬಂದರು. 500 ಕೊಡುವಷ್ಟು ಶಕ್ತಿ ನನಗೂ ಇರಲಿಲ್ಲ. ಇದಕ್ಕೆ ನನ್ನ ಹತ್ತಿರ ಇನ್ನೂ ಪರಿಹಾರ ಇಲ್ಲ.

ಕಣದಲ್ಲೂ ಹೀಗೇ ಒಂದಷ್ಟು. ಮುಟ್ಟಾದವರು ಕಣ ತುಳಿಯಬಾರದು. ರಾಶಿ ಪೂಜೆ ಮಾಡಿ ಮೊದಲ ಕೊಳಗ ಅಳೆಯುವುದು ಗಂಡಸು. ಆ ಸಲ ನನ್ನ ಮಗ ಅಳೆಯಲಿ ಎಂದರು. ಹನ್ನೆರಡು ವರ್ಷದ ಹುಡುಗ, ಕೊಳಗ ಎತ್ತಲೂ ಆಗುತ್ತಿರಲಿಲ್ಲ. ಮಗಳು ಬಂದು ಇನ್ನೊಂದು ಕಡೆ ಹಿಡಿದುಕೊಂಡಳು. ಯಾರೂ ಏನೂ ಹೇಳಲಿಲ್ಲ.

ಒಂದು ಕೃಷಿ ತರಬೇತಿಯಲ್ಲಿ ಮೇಡಂ ಒಬ್ಬರು ಹೇಳಿದ್ದರು, 2015-16ರ ಕೃಷಿ ಗಣತಿ ಪ್ರಕಾರ ದೇಶದ ಹಿಡುವಳಿಗಳಲ್ಲಿ ಹೆಂಗಸರು ಹಿಡುವಳಿದಾರರಾಗಿ ಬೇಸಾಯ ನಡೆಸುತ್ತಿರುವುದು ನೂರಕ್ಕೆ ಸುಮಾರು ಹದಿನಾಲ್ಕು ಅಂತ. ನನಗೆ ಆಶ್ಚರ್ಯ ಆಗಲಿಲ್ಲ. ನಮ್ಮ ಊರಿನಲ್ಲಿ ಬೆರಳಲ್ಲಿ ಎಣಿಸಬಹುದು. ಹೆಸರಿದ್ದರೆ ಏನೇನು ಬಾಗಿಲು ತೆರೆಯುತ್ತದೆ ಅನ್ನುವುದು ಹೆಸರು ಇಲ್ಲದಿದ್ದವರಿಗೇ ಚೆನ್ನಾಗಿ ಗೊತ್ತು. ಸಹಕಾರ ಸಂಘದಲ್ಲಿ ಸದಸ್ಯತ್ವ ಸಿಕ್ಕಿತು. ಬಡ್ಡಿ ಇಲ್ಲದ ಬೆಳೆ ಸಾಲ 40,000 ಸಿಕ್ಕಿತು. ಸರ್ಕಾರದ ರೈತ ನೋಂದಣಿ ಸಂಖ್ಯೆ, ಫ್ರೂಟ್ಸ್ ಐಡಿ ಆಯಿತು. ಪಿಎಂ ಕಿಸಾನ್‌ನ ವರ್ಷದ 6,000 ನನ್ನ ಖಾತೆಗೇ ಬರತೊಡಗಿತು. ಹದಿನೈದು ವರ್ಷ ಮಾಡಿದ ಕೆಲಸವನ್ನೇ ನಾನು ಈಗಲೂ ಮಾಡುತ್ತಿದ್ದೇನೆ. ಕಿಟಕಿಯ ಆ ಕಡೆ ಇರುವವರು ಮಾತ್ರ ಈಗ ನನ್ನ ಕಡೆ ನೋಡಿ ಮಾತಾಡುತ್ತಾರೆ.

2021ರ ಆರಂಭದಲ್ಲಿ ರಾಗಿ ಮಾರಲು ಬೆಂಬಲ ಬೆಲೆ ಖರೀದಿ ಕೇಂದ್ರಕ್ಕೆ ಹೋದೆ. ಆ ವರ್ಷ ಕ್ವಿಂಟಾಲ್‌ಗೆ 3,295 ರೂಪಾಯಿ. ಮನೆ ಬಾಗಿಲಿಗೆ ಬರುವ ದಲ್ಲಾಳಿ ಸಾವಿರ ರೂಪಾಯಿ ಕಡಿಮೆಗೆ ಕೇಳಿದ್ದ. ಗಂಡಸರಿಲ್ಲದ ಮನೆಯವರು ಯಾಕೆ ದಲ್ಲಾಳಿಗೇ ಕೊಡುತ್ತಾರೆ ಅಂತ ಅಲ್ಲಿ ಹೋದ ಮೇಲೆ ಅರ್ಥವಾಯಿತು. ಗಾಡಿಗಳ ಸಾಲು ರಸ್ತೆ ತನಕ ಇತ್ತು. ನಮ್ಮ ಸರದಿ ಬರಲು ರಾತ್ರಿ ಅಲ್ಲೇ ಕಳೆಯಬೇಕು. ಗಂಡಸರು ಗಾಡಿ ಕೆಳಗೆ ಕಂಬಳಿ ಹಾಸಿ ಮಲಗಿದರು, ಬೆಂಕಿ ಹಾಕಿಕೊಂಡು ಮಾತಾಡಿದರು. ಹೆಂಗಸರಿಗೆ ಒಂದು ಶೌಚಾಲಯ ಇಲ್ಲ. ಮಧ್ಯಾಹ್ನ ಮೂರರಿಂದ ಮರುದಿನ ಬೆಳಗಿನ ತನಕ ನಾನೂ ಅತ್ತೆಯೂ ನೀರು ಕುಡಿಯಲಿಲ್ಲ. ಚೀಲಗಳ ಮೇಲೆ ಒಬ್ಬರಿಗೊಬ್ಬರು ಒರಗಿ ಕೂತಿದ್ದೆವು. ಎಪ್ಪತ್ತು ದಾಟಿದ ಜೀವ. ನಡುರಾತ್ರಿ ಚಳಿಗೆ ನಡುಗುತ್ತಿದ್ದರು. ಮನೆಗೆ ಹೋಗಿ ಅಂದರೆ ಕೇಳಲಿಲ್ಲ.

ಬೆಳಿಗ್ಗೆ ಹನ್ನೊಂದಕ್ಕೆ ತೂಕ. 22 ಚೀಲ, 50 ಕೆಜಿ ಲೆಕ್ಕ. "ಯಾರ ಹೆಸರಲ್ಲಿ ಇದೆ?" ಎಂದು ಕೇಳಿದ ಹುಡುಗ ನನ್ನ ಹಿಂದೆ ಯಾರಿದ್ದಾರೆ ಅಂತ ನೋಡಿದ. ನಾನು ಬೆರಳು ಯಂತ್ರದ ಮೇಲಿಟ್ಟೆ. ಎರಡು ಸಲ ತೆಗೆದುಕೊಳ್ಳಲಿಲ್ಲ. ಕಳೆ ಕಿತ್ತು ಬೆರಳ ಗೆರೆ ಸವೆದಿತ್ತು. ಮೂರನೇ ಸಲ ಸೆರಗಿಗೆ ಒರೆಸಿ ಇಟ್ಟೆ. ಹಸಿರು ದೀಪ ಬಂತು. 11 ಕ್ವಿಂಟಾಲ್‌ಗೆ 36,245 ರೂಪಾಯಿ. ಹಣ ಬರಲು ಸ್ವಲ್ಪ ದಿನ ಆಯಿತು, ಬಂದದ್ದು ನನ್ನ ಪಾಸ್‌ಬುಕ್ಕಿಗೆ.

ನಾದಿನಿಯ 20 ಗುಂಟೆಯನ್ನು ನಾನೇ ವಾರಕ್ಕೆ, ಅಂದರೆ ಪಾಲಿಗೆ, ಮಾಡುತ್ತಿದ್ದೇನೆ. ಬೆಳೆದದ್ದರಲ್ಲಿ ಅರ್ಧ ಅವಳ ಮನೆಗೆ ಹೋಗುತ್ತದೆ. ಮೈದುನ ಈಗ ಮಾತಾಡುತ್ತಾರೆ, ಮೊದಲಿನಷ್ಟಲ್ಲ. ತವರಿನ ಅಣ್ಣನಿಗೆ ನಾನು ಏನೂ ಕೇಳಿಲ್ಲ. ಒಂದು ದಿನ ಕೇಳಬೇಕು ಅಂತ ಇದೆ, ಹೊಲ ಅಲ್ಲ, ಅವತ್ತು ನಮಗೆ ಓದಿ ಹೇಳಲಿಲ್ಲ ಯಾಕೆ ಅಂತ.

ಮೊನ್ನೆ ನಾದಿನಿ ಬಂದಳು. ಹೊಸ ಪಹಣಿ ತೆಗೆಸಿಕೊಡು ಎಂದಳು. ತಂದುಕೊಟ್ಟೆ. ಅವಳ ಗಂಡ ಆ 20 ಗುಂಟೆ ಮಾರಿ ಕಾರು ತೆಗೆದುಕೊಳ್ಳೋಣ ಅನ್ನುತ್ತಿದ್ದಾನಂತೆ. ಕಾಗದವನ್ನು ನಾಲ್ಕು ಮಡಿಕೆ ಮಾಡಿ ರವಿಕೆಯೊಳಗೆ ಇಟ್ಟುಕೊಂಡಳು. "ನನ್ನ ಸಹಿ ಇಲ್ದೆ ಆಗಲ್ಲ ಅಲ್ವಾ ಅತ್ತಿಗೆ?" ಎಂದು ಕೇಳಿದಳು. ಆಗಲ್ಲ ಎಂದೆ. ಇನ್ನೊಂದು ಸಲ ಕೇಳಿದಳು. ಇನ್ನೊಂದು ಸಲ ಹೇಳಿದೆ.

ಎರಡು ದಿನ ಇದ್ದು ಹೋಗುತ್ತಾಳಂತೆ. ನಾಳೆ ಹುಣಸೆ ಬಡಿಯಬೇಕು. ಮರ ಹತ್ತಲು ಒಬ್ಬ ಆಳು ಸಿಕ್ಕಿದ್ದಾನೆ, ಕೆಳಗೆ ಆರಿಸಲು ನಾವಿಬ್ಬರು. ಅತ್ತೆ ಆಗಲೇ ಗೋಣಿಚೀಲ ಕೊಡವಿ ಬಿಸಿಲಿಗೆ ಹಾಕಿದ್ದಾರೆ.